ಎರಡು ರಿಂಗಿನ ಮಣ್ಣು

ಯಾವ ವಸ್ತು ಕಂಡರೂ ಏಕಾಂತಪ್ಪನವರಿಗೆ ಮೊದಲು ಹೊಳೆಯುತ್ತಿದ್ದುದು ಅದರ ತೂಕ. ಭದ್ರಾವತಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಮೂವತ್ತೊಂದು ವರ್ಷ ಲಾರಿಗಳನ್ನು ತೂಗಿದ ಮನುಷ್ಯ. ಲಾರಿ ಒಳಗೆ ಬರುವಾಗ ಒಂದು ತೂಕ, ಖಾಲಿಯಾಗಿ ಹೊರಗೆ ಹೋಗುವಾಗ ಒಂದು ತೂಕ, ನಡುವಿನದೇ ಮಾಲು. ಮಳೆಗಾಲದಲ್ಲಿ ನೆನೆದ ಮಾಲು ಬಂದರೆ ಒಂದು ಡಬ್ಬಿ ತೆಗೆದು ಒಣಗಿಸಿ, ನೀರೆಷ್ಟು ಮಾಲೆಷ್ಟು ಎಂದು ಬೇರೆ ಮಾಡಿ ಬರೆಯಬೇಕು. ಅವರು ಬರೆದ ಚೀಟಿಯ ಮೇಲೆ ಜಗಳವಾದದ್ದು ಕಡಿಮೆ. ರಿಟೈರಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗದ ಆಲ್ಕೊಳದಲ್ಲಿ ಕಟ್ಟಿಸಿಕೊಂಡ ಮನೆಗೆ ಬಂದರು. ತೂಗಲು ಏನೂ ಇರಲಿಲ್ಲ. ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಕೈಯಲ್ಲಿ ಹಿಡಿದು, "ಇದು ಕಾಲು ಕೆಜಿಗೆ ಇಪ್ಪತ್ತು ಗ್ರಾಂ ಕಮ್ಮಿ," ಎಂದು ಹೇಳಿ, ಸರಿ ಬಂದಾಗ ಒಬ್ಬರೇ ಖುಷಿಪಡುತ್ತಿದ್ದರು.

ಜನವರಿಯಲ್ಲಿ ಹೆಂಡತಿ ಲಿಂಗಮ್ಮನ ಜೊತೆ ಫಲಪುಷ್ಪ ಪ್ರದರ್ಶನಕ್ಕೆ ಹೋದರು. ಲಿಂಗಮ್ಮ ಗುಲಾಬಿಗಳ ಕಡೆ ಹೋದರೆ ಇವರು ತರಕಾರಿ ಸಾಲಿನ ಕೊನೆಯಲ್ಲಿ ನಿಂತುಬಿಟ್ಟರು. ಅಲ್ಲಿ ಹುಲ್ಲಿನ ಸಿಂಬೆಯ ಮೇಲೆ ಒಂದು ಕುಂಬಳಕಾಯಿ ಕೂತಿತ್ತು. ಕಿತ್ತಳೆ ಬಣ್ಣ, ಒಂದು ಮಗ್ಗುಲು ಚಪ್ಪಟೆ, ಸ್ಕೂಟರಿನ ಚಕ್ರಕ್ಕಿಂತ ಅಗಲ.

"ಮೂವತ್ತೆಂಟು ಕೆಜಿ ಇರ್ಬೇಕು," ಎಂದರು ತಮಗೇ.

ಪಕ್ಕದಲ್ಲಿ ನಿಂತಿದ್ದ ಹೊಳೆಹೊನ್ನೂರು ಕಡೆಯ ರೈತ ತಿರುಗಿ ನೋಡಿದ. "ಮೂವತ್ತೆಂಟೂ ಮುಕ್ಕಾಲು. ನಿನ್ನೆ ತೂಗ್ಸಿದೀನಿ. ನಿಮಗೆ ಹೆಂಗ್ ಗೊತ್ತಾಯ್ತು ಯಜಮಾನ್ರೇ?"

ಗೇಟಿನಲ್ಲಿ ಲಾರಿ ತೂಗಿದ ವಿಷಯ ಕೇಳಿ ಅವನಿಗೂ ಖುಷಿಯಾಯಿತು. ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಐದು ಬೀಜ ಕೊಟ್ಟ. ಹೆಬ್ಬೆರಳಿನ ಉಗುರಿಗಿಂತ ದೊಡ್ಡವು, ಬಿಳಿಯವು.

"ಬೀಜದಲ್ಲಿ ಏನೂ ಇಲ್ಲ. ಮಣ್ಣು ಮಾಡ್ಕೋಬೇಕು. ಇದು ಮಣ್ಣು ತಿಂದು ಬೆಳೆಯೋ ಪ್ರಾಣಿ," ಎಂದ.

ಆ ಮಾತು ಏಕಾಂತಪ್ಪನವರ ತಲೆಯೊಳಗೆ ಕೂತಿತು. ಸ್ಕೂಟರಿನಲ್ಲಿ ಮನೆಗೆ ಬರುವಾಗ ಯೋಚಿಸಿದರು. ಮೂವತ್ತೆಂಟೂ ಮುಕ್ಕಾಲು ಕೆಜಿ ಮಣ್ಣು ತಿಂದಿದ್ದರೆ ಬುಡದಲ್ಲಿ ಎರಡು ಬಕೆಟ್‌ನಷ್ಟು ಗುಂಡಿ ಬೀಳಬೇಕಲ್ಲ? ಅರವತ್ತೊಂದು ವರ್ಷದಲ್ಲಿ ಅವರು ಯಾವ ಕುಂಬಳದ ಬಳ್ಳಿಯ ಬುಡದಲ್ಲೂ ಗುಂಡಿ ಕಂಡಿರಲಿಲ್ಲ.

"ಲಿಂಗೂ, ಗಿಡ ಬೆಳೆದ್ರೆ ಮಣ್ಣು ಕಮ್ಮಿ ಆಗುತ್ತಾ?"

"ಮುಂದೆ ನೋಡ್ಕೊಂಡು ಗಾಡಿ ಓಡ್ಸಿ," ಎಂದರು ಲಿಂಗಮ್ಮ.

ಪಕ್ಕದ ಮನೆಯ ಸುಪ್ರಿಯಾ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಲೆಕ್ಚರರ್. ಸಂಜೆ ಕಾಂಪೌಂಡಿನ ಆಚೆ ಬಟ್ಟೆ ತೆಗೆಯುತ್ತಿದ್ದಳು. ಏಕಾಂತಪ್ಪ ಅವಳ ಮುಂದೆ ಪ್ರಶ್ನೆ ಇಟ್ಟರು. ಅವಳ ಮುಖ ಅರಳಿತು, ಬಾಯಿ ತೆರೆದಳು. ಅಷ್ಟರಲ್ಲಿ ಇವರೇ ಕೈ ಎತ್ತಿ ತಡೆದರು.

"ಹೇಳ್ಬೇಡಿ ಮೇಡಂ! ನಿಮಗೆ ಗೊತ್ತಿದೆ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ. ತೂಕದ ವಿಷಯದಲ್ಲಿ ನಾನು ಇನ್ನೊಬ್ರ ಚೀಟಿ ನಂಬಿದೋನಲ್ಲ. ನಾನೇ ತೂಗಿ ನೋಡ್ತೀನಿ."

"ಎಷ್ಟು ದಿನ ಬಾಯಿ ಮುಚ್ಕೊಂಡಿರ್ಬೇಕು ಅಂಕಲ್?"

"ಕಾಯಿ ಆಗೋವರೆಗೂ."

ಏಕಾಂತಪ್ಪನವರ ಮನೆಯ ಹಿತ್ತಲು ಇಪ್ಪತ್ತಕ್ಕೆ ಹದಿನೈದು ಅಡಿ. ಲೇಔಟ್ ಮಾಡುವಾಗ ಸುರಿದ ಕೆಂಪು ಗ್ರಾವೆಲ್, ಅದರ ಮೇಲೆ ಮನೆ ಕಟ್ಟುವಾಗ ಉಳಿದ ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ. ಹಾರೆ ಹಾಕಿದರೆ ಠಣ್ ಎನ್ನುತ್ತಿತ್ತು. ಜೂನ್ ತಿಂಗಳಲ್ಲಿ ಒಂದು ಮಳೆ ಬಿದ್ದ ಮೇಲೆ ಮೊಣಕಾಲುದ್ದ ಗುಂಡಿ ತೋಡಿ, ಹತ್ತಿರದ ಡೈರಿಯವನಿಂದ ಮೂರು ಬುಟ್ಟಿ ಹಸಿ ಸಗಣಿ ತಂದು ತುಂಬಿ, ಮೇಲೆ ಒಂದಿಷ್ಟು ಮಣ್ಣೆಳೆದು ಎರಡು ಬೀಜ ಊರಿದರು. ಆರನೆಯ ದಿನ ಮೊಳಕೆ ಬಂದವು, ಅಂಗೈಯಷ್ಟು ಅಗಲದ ಎಲೆ ಬಿಟ್ಟವು. ಹನ್ನೆರಡನೆಯ ದಿನ ಎಲೆಯ ಅಂಚು ಬೆಂಕಿ ತಗುಲಿದ ಹಾಗೆ ಸುಟ್ಟಿತು. ಹದಿನೈದನೆಯ ದಿನ ಎರಡೂ ಮಲಗಿದವು.

ಏಕಾಂತಪ್ಪ ಬುಡ ಬಗೆದು ಕೈ ಒಳಗೆ ತೂರಿಸಿ ಥಟ್ಟನೆ ಎಳೆದುಕೊಂಡರು. ಆಗ ತಾನೇ ಕಾಫಿ ಸುರಿದ ಸ್ಟೀಲ್ ಲೋಟದಷ್ಟು ಬಿಸಿ. ಗಿಡ ಸತ್ತ ಬೇಸರ ಅಲ್ಲೇ ಮರೆತುಹೋಯಿತು. ಮೂರು ದಿನದಿಂದ ಜಡಿಮಳೆ, ಬಿಸಿಲಿನ ಸುಳಿವಿಲ್ಲ. ನೆಲದೊಳಗೆ ಈ ಬಿಸಿ ಎಲ್ಲಿಂದ ಬಂತು?

"ಬಾ ಇಲ್ಲಿ, ಕೈ ಹಾಕಿ ನೋಡು!"

"ಸಗಣಿಗೆ ನಾನ್ಯಾಕ್ರೀ ಕೈ ಹಾಕ್ಲಿ? ಹಸಿ ಸಗಣಿ ಹಾಕಿದ್ರೆ ಸುಡದೆ ಇನ್ನೇನಾಗುತ್ತೆ? ಕ್ವಾರ್ಟರ್ಸಲ್ಲಿ ಕಾಳಮ್ಮ ಎಷ್ಟು ಸಲ ಹೇಳ್ತಿದ್ಲು, ಗುಲಾಬಿಗೆ ಹಸೀದು ಹಾಕ್ಬೇಡಿ ಅಕ್ಕ ಅಂತ."

ಕಾಳಮ್ಮ! ಇಪ್ಪತ್ತು ವರ್ಷ ಕ್ವಾರ್ಟರ್ಸಿಗೆ ಹಾಲು ಹಾಕಿದ ಹೆಂಗಸು. ಮರುದಿನವೇ ಏಕಾಂತಪ್ಪ ಭದ್ರಾವತಿಯ ಬಸ್ಸು ಹತ್ತಿದರು.

ಹಳೇನಗರದ ಅಂಚಿನಲ್ಲಿ, ಹೊಳೆಗೆ ಇಳಿಯುವ ದಾರಿಯ ಪಕ್ಕ ಅವಳ ಮನೆ. ನಾಲ್ಕು ಎಮ್ಮೆ, ಕೊಟ್ಟಿಗೆಯ ಹಿಂದೆ ಮೂರು ಗೊಬ್ಬರದ ಗುಂಡಿ. ಅರವತ್ತೈದು ದಾಟಿದ್ದರೂ ಕಾಳಮ್ಮ ಇನ್ನೂ ಸೀರೆ ಎತ್ತಿಕಟ್ಟಿ ಬುಟ್ಟಿ ಹೊರುತ್ತಿದ್ದಳು. ಸುಟ್ಟ ಗಿಡದ ಕಥೆ ಕೇಳಿ ನಕ್ಕು, ಅವರನ್ನು ಗುಂಡಿಗಳ ಬಳಿಗೆ ಕರೆದೊಯ್ದಳು.

"ಇದು ಈ ವರ್ಷದ್ದು, ಇದು ಹೋದ ವರ್ಷದ್ದು, ಆ ಕೊನೇದು ಅದರ ಹಿಂದಿನದ್ದು. ಮೂರಕ್ಕೂ ಕೈ ಹಾಕಿ ಅಣ್ಣ."

ಮೊದಲನೆಯದು ಬಿಸಿ, ಮೂಗಿಗೆ ಘಾಟು. ಎರಡನೆಯದು ಬೆಚ್ಚಗೆ, ಒಳಗೆ ಇನ್ನೂ ಹುಲ್ಲಿನ ಎಳೆ ಕಾಣುತ್ತಿತ್ತು. ಮೂರನೆಯದು ತಣ್ಣಗೆ, ಕಪ್ಪು, ಹಿಡಿದರೆ ಮುದ್ದೆಯಾಗಿ, ಬೆರಳು ತಾಗಿಸಿದರೆ ಉದುರಿತು.

"ಮೂಸಿ ನೋಡಿ. ಏನ್ ವಾಸ್ನೆ?"

"ಹೊಸ ಮಳೆ ಬಿದ್ದ ವಾಸ್ನೆ."

"ಸಗಣಿ ವಾಸ್ನೆ ಐತಾ?"

"ಇಲ್ಲ."

"ಹಂಗಾದ್ರೆ ಅದು ಆಗಿದೆ. ಗಿಡಕ್ಕೆ ಕೊಡ್ಬೋದು."

ಏಕಾಂತಪ್ಪನವರ ಕಣ್ಣು ಆಗಲೇ ಗುಂಡಿಯ ಗೋಡೆಯ ಮೇಲಿತ್ತು. ಗೊಬ್ಬರ ಒಂದು ಕಾಲಕ್ಕೆ ಅಂಚಿನವರೆಗೂ ಇದ್ದ ಕಲೆ ಕಾಣುತ್ತಿತ್ತು, ಈಗ ಅದು ಅರ್ಧಕ್ಕಿಂತ ಕೆಳಗೆ. ತೆಗೆದು ಮಾರಿದ್ದೀರಾ ಎಂದರೆ ಇಲ್ಲ, ಮುಟ್ಟೇ ಇಲ್ಲ ಎಂದಳು. ಮತ್ತೆ ಉಳಿದದ್ದು ಎಲ್ಲಿಗೆ ಹೋಯಿತು? "ಎಲ್ಲಿಗೋಗುತ್ತೆ, ಕೊಳೀತಾ ಕೊಳೀತಾ ಇಳೀತದೆ," ಎಂದಳು ಕಾಳಮ್ಮ, ಇದೆಂಥ ಪ್ರಶ್ನೆ ಎನ್ನುವ ಹಾಗೆ. ಒತ್ತಿಕೊಂಡು ಗಟ್ಟಿಯಾಗಿರಬೇಕು ಎಂದುಕೊಂಡರು ಇವರು.

ಮಣ್ಣು ಹೇಗೆ ಮಾಡಬೇಕೆಂದು ಅವಳು ಚಹಾ ಕುದಿಯುವಷ್ಟು ಹೊತ್ತಿನಲ್ಲಿ ಹೇಳಿದಳು. ಕೆರೆಯ ತಳದ ಹೂಳು, ಅಂದರೆ ಗೋಡು, ಅರ್ಧ ಪಾಲು. ಉಳಿದರ್ಧದಲ್ಲಿ ಹೆಚ್ಚಿನದು ಹಳೆಯ ಗೊಬ್ಬರ, ಮಿಕ್ಕಿದ್ದು ಮರದ ಬುಡದಲ್ಲಿ ಕೊಳೆತು ಕಪ್ಪಾದ ತರಗೆಲೆ, ಎರಡು ಮಳೆಗಾಲ ಕಂಡ ಅಡಿಕೆ ಸಿಪ್ಪೆ. ಮೇಲೆ ಬೇವಿನ ಹಿಂಡಿ, ಒಲೆಯ ಬೂದಿ ಒಂದೆರಡು ಮೊರ. ಕಲಸಿ, ನೀರು ಚಿಮುಕಿಸಿ, ಮುಚ್ಚಿಡಬೇಕು.

"ಎಷ್ಟು ದಿನ?"

"ದಿನ ಎಣಿಸ್ಬೇಡಿ. ಕಬ್ಬಿಣದ ಸರಳು ನಡೂಕೆ ಚುಚ್ಚಿಡಿ. ತೆಗೆದು ಮುಟ್ಟಿದ್ರೆ ತಣ್ಣಗಿರ್ಬೇಕು. ಆಮೇಲೆ ಎರೆಹುಳ ತಾನಾಗೇ ಬರ್ಬೇಕು. ಅದು ಬರೋತನಕ ಬೀಜ ಊರೋದಲ್ಲ."

ಆಗಸ್ಟಿನಲ್ಲಿ ಏಕಾಂತಪ್ಪ ಬಾವಿಗೆ ಇಳಿಸುವ ಸಿಮೆಂಟ್ ರಿಂಗು ಎರಡು ತರಿಸಿದರು. ಆರಡಿ ಅಗಲ, ಒಂದೂವರೆ ಅಡಿ ಎತ್ತರ. ಹಿತ್ತಲಿನಲ್ಲಿ ಅಕ್ಕಪಕ್ಕ ಕೂರಿಸಿ, ತಳಕ್ಕೆ ಗಾರೆ ಹಾಕಿಸಿ, ನೀರು ಬಸಿಯಲು ಒಂದೊಂದು ಸಣ್ಣ ಪೈಪು ಇಟ್ಟರು. ಬೇರು ಹೊರಗಿನ ನೆಲಕ್ಕೆ ಇಳಿದರೆ ತೂಕದ ಲೆಕ್ಕ ತಪ್ಪುತ್ತದೆ. ಗುಜರಿ ಅಂಗಡಿಯಲ್ಲಿ ಮೂಟೆ ತೂಗುವ, ತುಕ್ಕು ಹಿಡಿದ ಪ್ಲಾಟ್‌ಫಾರ್ಮ್ ಸ್ಕೇಲ್ ಒಂದು ಸಿಕ್ಕಿತು. ಅದನ್ನು ಬಿಚ್ಚಿ, ಉಜ್ಜಿ, ಎಣ್ಣೆ ಬಿಟ್ಟು, ಅಂಗಡಿಯಿಂದ ತಂದ ಇಪ್ಪತ್ತೈದು ಕೆಜಿಯ ಅಕ್ಕಿ ಮೂಟೆ ಇಟ್ಟು ಸರಿ ಮಾಡಲು ಎರಡು ತಿಂಗಳೇ ಹಿಡಿಯಿತು. ಅಷ್ಟು ದಿನ ಕಾಳಮ್ಮನಿಂದಲೇ ಗೊಬ್ಬರ ತರಿಸಿ, ಅವಳು ಹೇಳಿದ ಹಾಗೆ ಕಲಸಿದ ಮಣ್ಣು ಒಂದೇ ರಾಶಿಯಾಗಿ ಅಡಿಕೆ ಸೋಗೆಯ ಕೆಳಗೆ ಬೇಯುತ್ತಿತ್ತು. ದಿನ ಬೆಳಿಗ್ಗೆ ಸರಳು ಎಳೆದು ಕೆನ್ನೆಗೆ ತಾಗಿಸಿ ನೋಡುತ್ತಿದ್ದರು. ಮೊದಲ ವಾರ ಸುಡುತ್ತಿತ್ತು, ದಸರಾ ಹೊತ್ತಿಗೆ ಬೆಚ್ಚಗಿತ್ತು, ಅದಾಗಿ ಹತ್ತು ದಿನಕ್ಕೆ ತಣ್ಣಗಾಯಿತು. ಒಂದು ಬೆಳಿಗ್ಗೆ ಸೋಗೆ ಎತ್ತಿದರೆ ಕೆಂಪು ದಾರದಂಥ ಎರೆಹುಳಗಳು ಮಿಸುಕಾಡುತ್ತಿದ್ದವು. ಗ್ರಾವೆಲ್ ನೆಲದಲ್ಲಿ ಒಂದು ಹುಳವನ್ನೂ ಕಾಣದ ಏಕಾಂತಪ್ಪ ಕಾಂಪೌಂಡಿನ ಬಳಿಗೆ ಓಡಿದರು.

"ಮೇಡಂ, ಹುಳ ಬಂದಿದಾವೆ! ಎಲ್ಲಿಂದ... ಬೇಡ, ಬೇಡ, ಹೇಳ್ಬೇಡಿ."

ಸುಪ್ರಿಯಾ ತುಟಿ ಕಚ್ಚಿಕೊಂಡು ಒಳಗೆ ಹೋದಳು.

ದೀಪಾವಳಿಯ ವಾರ ರಾಶಿಯನ್ನು ಎರಡು ಸಮಪಾಲು ಮಾಡಿ, ಬುಟ್ಟಿ ಬುಟ್ಟಿಯಾಗಿ ತೂಗಿ ರಿಂಗುಗಳಿಗೆ ತುಂಬಿದರು. ಒಂದೊಂದಕ್ಕೆ ಸಾವಿರದ ನಲವತ್ತು ಕೆಜಿ. ಆದರೆ ಅದು ನೆನೆದ ಮಣ್ಣು. ಕಾರ್ಖಾನೆಯಲ್ಲಿ ಮಾಡುತ್ತಿದ್ದ ಹಾಗೆ ಹತ್ತು ಕಡೆಯಿಂದ ಒಂದೊಂದು ಹಿಡಿ ತೆಗೆದು ಬೆರೆಸಿ, ಲಿಂಗಮ್ಮ ದೇವಸ್ಥಾನಕ್ಕೆ ಹೋದ ಸಮಯ ನೋಡಿ ದೋಸೆ ಹೆಂಚಿನ ಮೇಲೆ ಹುರಿದರು. ನೂರು ಗ್ರಾಂ ಎಪ್ಪತ್ತಕ್ಕೆ ಇಳಿಯಿತು. ಅಂದರೆ ಒಣ ತೂಕ ಏಳುನೂರ ಇಪ್ಪತ್ತೆಂಟು ಕೆಜಿ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ದೋಸೆ ಹೆಂಚಿನ ವಿಷಯ ಮರುದಿನ ತಿಂಡಿಯ ಹೊತ್ತಿಗೆ ಹೊರಬಿತ್ತು. ಹೊಸ ಹೆಂಚು ಬರುವವರೆಗೆ ಆ ಮನೆಯಲ್ಲಿ ಉಪ್ಪಿಟ್ಟೇ ನಡೆಯಿತು.

ಎರಡು ರಿಂಗಿಗೂ ಒಂದೊಂದು ಬೀಜ ಊರಿದರು. ಒಂದು ಎದ್ದು ಬಂತು. ಇನ್ನೊಂದನ್ನು ಇಲಿ ಬಗೆದು ತಿಂದು ಸಿಪ್ಪೆ ಬಿಟ್ಟು ಹೋಗಿತ್ತು. ಉಳಿದ ಒಂದೇ ಬೀಜವನ್ನು ಇಲಿಗೆ ಕೊಡಲು ಮನಸ್ಸಾಗದೆ, ಆ ರಿಂಗಿನ ಮೇಲೆ ಸೋಗೆ ಹೊದಿಸಿ ಬಿಟ್ಟರು. ಅಲ್ಲಿ ಬಸಳೆ ಹಾಕುತ್ತೇನೆ ಎಂದ ಲಿಂಗಮ್ಮನಿಗೂ ಬೇಡ ಎಂದರು. ಲಿಂಗಮ್ಮ ಮಾತ್ರ ಸಂಜೆ ಪೈಪು ಹಿಡಿದಾಗ ಎರಡಕ್ಕೂ ನೀರು ಬಿಡುತ್ತಿದ್ದರು.

"ಖಾಲಿ ಮಣ್ಣಿಗೆ ನೀರ್ಯಾಕೆ ಮಾರಾಯ್ತಿ?"

"ಹುಳ ಇದಾವಲ್ರೀ ಅದ್ರೊಳಗೆ. ಪಕ್ಕದಲ್ಲೇ ಒಂದಕ್ಕೆ ಹಾಕಿ ಇನ್ನೊಂದಕ್ಕೆ ಹಾಕ್ದಿದ್ರೆ ಒಂಥರಾ ಅನ್ಸುತ್ತೆ."

ಡಿಸೆಂಬರಿನಲ್ಲಿ ಬಳ್ಳಿ ಓಟ ಕಿತ್ತಿತು. ರಿಂಗು ದಾಟಿ ನೆಲಕ್ಕೆ ಇಳಿದು, ಒಂದೊಂದು ಗೆಣ್ಣಿನಲ್ಲೂ ಬಿಳಿ ಬೇರು ಬಿಟ್ಟು ಮಣ್ಣು ಹುಡುಕತೊಡಗಿತು. ಏಕಾಂತಪ್ಪ ಅಡಿಕೆ ಹಾಳೆ ತಂದು ಬಳ್ಳಿಯ ಕೆಳಗೆ ಹಾಸಿದರು. ಹೊರಗಿನಿಂದ ಒಂದು ಗ್ರಾಂ ಕದಿಯಲೂ ಬಿಡುವುದಿಲ್ಲ ಎಂದರು. ಹೆಣ್ಣು ಹೂ ಅರಳಿದ ಬೆಳಿಗ್ಗೆ ಆರು ಗಂಟೆಗೇ ಎದ್ದು, ಗಂಡು ಹೂವಿನ ದಳ ಹರಿದು ಹುಡಿಯನ್ನು ತಾವೇ ಮುಟ್ಟಿಸಿದರು. ಕಚ್ಚಿದ ನಾಲ್ಕು ಮಿಡಿಗಳಲ್ಲಿ ಒಂದನ್ನು ಉಳಿಸಿ ಮೂರನ್ನು ಕಿತ್ತರು. ಆ ಮೂರನ್ನು ಪಲ್ಯ ಮಾಡುವಾಗ ಲಿಂಗಮ್ಮನಿಗೆ ಸಂಕಟವಾಯಿತು, ತಿನ್ನುವಾಗ ಆಗಲಿಲ್ಲ.

ಉಳಿದ ಕಾಯಿ ಸಂಕ್ರಾಂತಿಗೆ ತೆಂಗಿನಕಾಯಿಯಷ್ಟಿತ್ತು. ಅಲ್ಲಿಂದ ಮುಂದೆ ಅದು ಬೆಳೆದದ್ದನ್ನು ಬೀದಿಯವರೆಲ್ಲ ನೋಡಿದರು. ಟೇಪು ಹಿಡಿದು ಅಳೆದರೆ ಒಂದೇ ದಿನಕ್ಕೆ ಎರಡು ಬೆರಳು ಸುತ್ತಳತೆ ಹೆಚ್ಚುತ್ತಿತ್ತು. ಗೋಪಾಳದಿಂದ ಲಿಂಗಮ್ಮನ ತಂಗಿ ಬಂದು ಫೋಟೋ ತೆಗೆದುಕೊಂಡು ಹೋದಳು. ಏಕಾಂತಪ್ಪ ಕಾಯಿಯನ್ನು ನೋಡುತ್ತಿದ್ದುದಕ್ಕಿಂತ ಬುಡವನ್ನು ಹೆಚ್ಚು ನೋಡುತ್ತಿದ್ದರು. ಮಣ್ಣು ನಿಜವಾಗಿಯೂ ತಗ್ಗುತ್ತಿತ್ತು. ರಿಂಗಿನ ಅಂಚಿನಿಂದ ಒಂದು ಬೆರಳು, ಎರಡು ಬೆರಳು, ಆಮೇಲೆ ನಾಲ್ಕು.

"ತಿಂತಾ ಇದೆ ಕಣೇ. ಹೊಳೆಹೊನ್ನೂರಿನೋನು ಹೇಳಿದ್ದು ಸುಳ್ಳಲ್ಲ," ಎಂದರು ಹೆಂಡತಿಗೆ.

ಮಾರ್ಚ್ ಮೊದಲ ವಾರ ತೊಟ್ಟು ಒಣಗಿತು. ಮೆಟ್ಟಿಲಿನ ಕೆಳಗಿನ ತೊಲೆಗೆ ಹಗ್ಗ ಬಿಗಿದು, ತೂಗುವ ಕೊಕ್ಕೆ ನೇತುಹಾಕಿ, ಹಳೆಯ ಸೀರೆಯಲ್ಲಿ ಕಾಯಿಯನ್ನು ಕಟ್ಟಿ ಎತ್ತಿದರು. ಎತ್ತುವ ಮೊದಲು ಏಕಾಂತಪ್ಪ ಅದರ ಮೇಲೆ ಅಂಗೈ ಇಟ್ಟು "ನಲವತ್ತೆರಡು" ಎಂದರು. ನಲವತ್ತೊಂದೂ ಮುನ್ನೂರು ಬಂತು. ಏಳುನೂರು ಗ್ರಾಂ ತಪ್ಪಿದ್ದಕ್ಕೆ ತಮ್ಮ ಮೇಲೆ ಸ್ವಲ್ಪ ಸಿಟ್ಟಾಯಿತು. ಬಳ್ಳಿ, ಎಲೆ, ತೊಳೆದ ಬೇರು ಎಲ್ಲ ಸೇರಿ ಇನ್ನೊಂದು ಹದಿನೇಳು ಕೆಜಿ.

ಎರಡು ದಿನ ಕೂತು ರಿಂಗಿನ ಮಣ್ಣನ್ನೆಲ್ಲ ತೆಗೆದು ತೂಗಿದರು. ಈ ಸಲ ಬೇರೆ ಬಾಣಲೆಯಲ್ಲಿ ಹುರಿದು, ನೀರು ಕಳೆದು ಲೆಕ್ಕ ಹಾಕಿದರು. ಏಳುನೂರ ಇಪ್ಪತ್ತೆಂಟು ಇದ್ದ ಒಣ ಮಣ್ಣು ಆರುನೂರ ತೊಂಬತ್ತೊಂದಕ್ಕೆ ಇಳಿದಿತ್ತು. ಮೂವತ್ತೇಳು ಕೆಜಿ ಮಾಯ!

ನೋಟ್‌ಬುಕ್ ಹಿಡಿದು ಕಾಂಪೌಂಡಿಗೆ ಹೋದರು. "ನೋಡಿ ಮೇಡಂ. ಕಾಯಿ ನಲವತ್ತೊಂದು, ಮಣ್ಣು ಹೋಗಿದ್ದು ಮೂವತ್ತೇಳು. ಬಾಕಿದು ನೀರು. ಮಣ್ಣು ತಿಂದೇ ಬೆಳೆದಿದೆ."

ಸುಪ್ರಿಯಾ ಪುಟವನ್ನು ಎರಡು ಸಲ ಓದಿದಳು. ಶಭಾಷ್ ಎನ್ನುತ್ತಾಳೆ ಎಂದುಕೊಂಡರೆ ಅವಳು ಹುಬ್ಬು ಗಂಟಿಕ್ಕಿದಳು.

"ತಪ್ಪಾ?"

"ತೂಗಿದ್ದು ತಪ್ಪಿಲ್ಲ ಅಂಕಲ್."

"ಮತ್ತೆ?"

"ಹೇಳ್ಬೇಡಿ ಅಂತ ನೀವೇ ಬಾಯಿ ಕಟ್ಟಿದೀರಲ್ಲ."

ಅವರು ಮುಖ ಸಪ್ಪಗೆ ಮಾಡಿಕೊಂಡು ವಾಪಸ್ ಬಂದರು. ಲೆಕ್ಕವನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಕೂಡಿ ಕಳೆದರು. ತಪ್ಪು ಸಿಗಲಿಲ್ಲ.

ಮಾರನೇ ದಿನ ಸಂಜೆ ಲಿಂಗಮ್ಮ ಹಿತ್ತಲಿನಿಂದ ಕೂಗಿದರು. "ರೀ, ಕಾಯಂತೂ ಕೊಯ್ದಾಯ್ತು. ಈ ಖಾಲಿ ರಿಂಗಿಗೆ ಇನ್ನೂ ನೀರು ಹಾಕ್ತಾ ಇರ್ಬೇಕಾ? ಮಣ್ಣು ನೋಡಿ ಎಷ್ಟು ಕೆಳಗೆ ಹೋಗಿದೆ, ನೀರು ನಿಂತ್ಕೊಳ್ತಾ ಇದೆ."

ಏಕಾಂತಪ್ಪ ಚಪ್ಪಲಿ ಮೆಟ್ಟದೆ ಓಡಿ ಬಂದರು. ಸೋಗೆ ಎತ್ತಿ ಎಸೆದು ಬೆರಳು ಇಟ್ಟು ನೋಡಿದರು. ಅಂಚಿನಿಂದ ನಾಲ್ಕು ಬೆರಳು ಕೆಳಗೆ. ಅಲ್ಲಿ ಒಂದು ಹುಲ್ಲುಕಡ್ಡಿಯೂ ಬೆಳೆದಿರಲಿಲ್ಲ. ಆ ಮಣ್ಣನ್ನು ತಿಂದವರು ಯಾರು?

ಮತ್ತೆ ಎರಡು ದಿನ ಬುಟ್ಟಿ, ಸ್ಕೇಲು, ಬಾಣಲೆ. ಈ ಸಲ ಲಿಂಗಮ್ಮನೂ ಸೆರಗು ಸಿಕ್ಕಿಸಿ ಬುಟ್ಟಿ ಹಿಡಿದರು, ಅವರಿಗೂ ತಡೆದುಕೊಳ್ಳಲಾಗಿರಲಿಲ್ಲ. ಒಣ ತೂಕ ಆರುನೂರ ತೊಂಬತ್ತನಾಲ್ಕು. ಏನೂ ಬೆಳೆಯದ ರಿಂಗಿನಿಂದಲೂ ಮೂವತ್ತನಾಲ್ಕು ಕೆಜಿ ಹೋಗಿತ್ತು.

ಏಕಾಂತಪ್ಪ ರಿಂಗಿನ ಅಂಚಿನ ಮೇಲೆ ಕೂತರು. ಬೆರಳಿಗೆ ಮಣ್ಣು ಮೆತ್ತಿತ್ತು. ಮೂವತ್ತೇಳರಲ್ಲಿ ಮೂವತ್ತನಾಲ್ಕು ಕಳೆದರೆ ಮೂರು. ಬಳ್ಳಿ, ಎಲೆ, ಬೇರು, ಸ್ಕೂಟರಿನ ಚಕ್ರಕ್ಕಿಂತ ಅಗಲದ ಕಾಯಿ, ಎಲ್ಲ ಸೇರಿ ಮಣ್ಣಿನಿಂದ ತೆಗೆದುಕೊಂಡದ್ದು ಹೆಚ್ಚೆಂದರೆ ಮೂರು ಕೆಜಿ. ಅದರಲ್ಲಿಯೂ ತಮ್ಮ ಗುಜರಿ ಸ್ಕೇಲಿನ ತಪ್ಪು ಎಷ್ಟೋ.

"ಹಾಗಾದ್ರೆ ಬರೀ ನೀರೇನ್ರೀ?" ಎಂದರು ಲಿಂಗಮ್ಮ.

ಅದನ್ನೂ ನೋಡಿಬಿಡೋಣ ಎಂದು ಕಾಯಿಯ ಒಂದು ಹೋಳು ಕೊಯ್ದು, ನೂರು ಗ್ರಾಂ ತೂಗಿ, ಸಣ್ಣಗೆ ಹೆಚ್ಚಿ ತಾರಸಿಯಲ್ಲಿ ಮೂರು ದಿನ ಒಣಗಿಸಿದರು. ಏಳು ಗ್ರಾಂ ಉಳಿಯಿತು. ನಲವತ್ತೊಂದು ಕೆಜಿಗೆ ಲೆಕ್ಕ ಹಾಕಿದರೆ ಮೂರು ಕೆಜಿಗೆ ಸ್ವಲ್ಪ ಕಮ್ಮಿ. ಬಳ್ಳಿಯನ್ನೂ ಹಾಗೇ ಒಣಗಿಸಿದರು, ಅದರದ್ದೂ ಎರಡು ಕೆಜಿ ಬಂತು. ಒಟ್ಟು ಐದರ ಹತ್ತಿರ. ಮಣ್ಣು ಕೊಟ್ಟದ್ದು ಮೂರು, ಅದೂ ಅನುಮಾನ. ನೀರು ಒಣಗಿಹೋಗಿದೆ. ಉಳಿದದ್ದು ಇನ್ನೆಲ್ಲೋ ಬೇರೆ ಕಡೆಯಿಂದ ಬಂದಿರಬೇಕು. ಗೇಟಿನ ಚೀಟಿಯಲ್ಲಿ ಇಲ್ಲದ ಮಾಲು ಗೋಡೌನಿನೊಳಗೆ ಕೂತಿದ್ದ ಹಾಗೆ.

"ಈಗ ಹೇಳಿ ಮೇಡಂ," ಎಂದು ಕಾಂಪೌಂಡಿನ ಮೇಲೆ ಎರಡೂ ಮೊಣಕೈ ಊರಿ ನಿಂತರು.

ಹದಿನಾಲ್ಕು ತಿಂಗಳು ಕಾದಿದ್ದ ಸುಪ್ರಿಯಾಳಿಗೆ ಮಾತು ಎಲ್ಲಿಂದ ಶುರು ಮಾಡಲಿ ಎಂದು ತೋಚಲಿಲ್ಲ. ಕೊನೆಗೆ ಒಂದು ಒಣಗಿದ ಕುಂಬಳದ ಎಲೆ ಎತ್ತಿಕೊಂಡಳು.

"ಇದರ ಮೈಯೆಲ್ಲ ಸಣ್ಣ ಸಣ್ಣ ತೂತು ಅಂಕಲ್, ಕಣ್ಣಿಗೆ ಕಾಣಲ್ಲ. ಅದರಲ್ಲಿ ಗಾಳಿ ಒಳಗೆ ಹೋಗುತ್ತೆ. ನಾವು ಉಸಿರು ಬಿಡ್ತೀವಲ್ಲ, ಅದೇ ಇಂಗಾಲದ ಗಾಳಿ. ಎಲೆ ಬಿಸಿಲಲ್ಲಿ ಅದನ್ನ ನೀರಿನ ಜೊತೆ ಸೇರಿಸಿ ಸಕ್ಕರೆ ಮಾಡುತ್ತೆ. ನಿಮ್ಮ ಒಣ ಕುಂಬಳಕಾಯಿಯ ಬಹುಪಾಲು ಅದೇ. ಮಣ್ಣಿಂದ ಬಂದಿದ್ದು ಒಂದೆರಡು ಹಿಡಿ ಉಪ್ಪಿನಂಥ ಸತ್ವ ಅಷ್ಟೆ."

"ಗಾಳಿಗೆ ತೂಕ ಇದೆಯಾ?"

"ಇದೆ."

"ಮತ್ತೆ ಖಾಲಿ ರಿಂಗಿಂದ ಹೋಗಿದ್ದು?"

"ಗೊಬ್ಬರ ಕೊಳೀತಲ್ಲ. ಹುಳ, ಕಣ್ಣಿಗೆ ಕಾಣದ ಜೀವಗಳು ಎಲ್ಲಾ ಅದನ್ನ ತಿಂದು ಉಸಿರಾಗಿ ಬಿಟ್ವು. ಹಸಿ ಸಗಣಿ ಬಿಸಿಯಾಗಿದ್ದೂ ಅದಕ್ಕೇ. ಅದೂ ಗಾಳಿಗೇ ಹೋಯ್ತು."

ಏಕಾಂತಪ್ಪ ತಲೆ ಎತ್ತಿ ಹಿತ್ತಲಿನ ಮೇಲಿನ ಖಾಲಿ ಜಾಗವನ್ನು ನೋಡಿದರು. ಎರಡು ರಿಂಗಿನಿಂದ ಸೇರಿ ಅರವತ್ತೆಂಟು ಕೆಜಿಗೂ ಹೆಚ್ಚು ಗೊಬ್ಬರ ಅಲ್ಲಿಗೆ ಎದ್ದು ಹೋಗಿತ್ತು, ಅಲ್ಲಿಂದ ಐದು ಕೆಜಿಯಷ್ಟು ಬಳ್ಳಿಗೆ ಇಳಿದು ಬಂದಿತ್ತು, ಒಂದು ಚೀಟಿಯೂ ಇಲ್ಲದೆ. ಅವರಿಗೆ ನಗು ಬಂತು. ಮೂವತ್ತೊಂದು ವರ್ಷ ಗೇಟು ಕಾದ ತಾವು ಇಷ್ಟು ದೊಡ್ಡ ಗೇಟನ್ನು ನೋಡಿಯೇ ಇರಲಿಲ್ಲವಲ್ಲ ಎಂದು ಜೋರಾಗಿ ನಕ್ಕರು. ಸುಪ್ರಿಯಾ ಕೂಡ ನಕ್ಕಳು.

ಕಾಯಿಯನ್ನು ಬೀದಿಗೆಲ್ಲ ಹಂಚಿದರು. ರುಚಿ ಅಂಥದ್ದೇನಲ್ಲ, ಸಪ್ಪೆ ಎಂದು ಎಲ್ಲರೂ ಹೇಳಿದರು. ಏಕಾಂತಪ್ಪ ದೊಡ್ಡ ಹೋಳೊಂದನ್ನು ಚೀಲಕ್ಕೆ ಹಾಕಿಕೊಂಡು ಭದ್ರಾವತಿಗೆ ಹೋಗಿ ಕಾಳಮ್ಮನ ಮುಂದೆ ಇಟ್ಟರು. ನಡೆದದ್ದನ್ನೆಲ್ಲ ಹೇಳಿದರು. ಗೊಬ್ಬರ ಗಾಳಿಗೆ ಹೋಗುತ್ತದೆ ಎಂದಾಗ ಅವಳು ಆಶ್ಚರ್ಯಪಡಲಿಲ್ಲ. ಬೆಳಿಗ್ಗೆ ಗುಂಡಿಯ ಮೇಲೆ ಹಬೆ ಏಳುವುದನ್ನು ಬಾಲ್ಯದಿಂದ ನೋಡಿದ್ದೇನೆ ಎಂದಳು. ಕಾಯಿ ಗಾಳಿಯಿಂದ ಬರುತ್ತದೆ ಎಂದಾಗ ಮಾತ್ರ ಕೈಯಲ್ಲಿದ್ದ ಹುಲ್ಲು ಕೆಳಗಿಟ್ಟಳು.

"ಅಲ್ಲಣ್ಣ, ಹಂಗಾದ್ರೆ ನನ್ನ ಗೊಬ್ಬರ ಏನ್ ಮಾಡ್ತು? ಸುಮ್ನೆ ಕೂತಿತ್ತಾ?"

"ಒಂದೆರಡು ಹಿಡಿ ಸತ್ವ ಕೊಡ್ತಂತೆ."

"ಒಂದೆರಡು ಹಿಡಿಗೆ ಸಾವಿರ ಕೆಜಿ ಮಣ್ಣು ಯಾಕ್ ಬೇಕು? ಹೊಳೆ ಮರಳಲ್ಲಿ ಹಾಕಿ, ಆ ಎರಡು ಹಿಡಿ ಮೇಲೆ ಉದುರಿಸಿದ್ರೆ ಬರುತ್ತಾ ಇಷ್ಟು ದಪ್ಪ ಕಾಯಿ?"

ಏಕಾಂತಪ್ಪ ನೋಟ್‌ಬುಕ್ಕಿನ ಪುಟ ತಿರುವಿದರು. ಅವರ ಮುಖ ನೋಡಿ ಕಾಳಮ್ಮ ತಾನೇ ತೀರ್ಮಾನ ಕೊಟ್ಟಳು. "ಒಂದು ರಿಂಗಿಗೆ ಮರಳು ಹಾಕಿ. ಒಂದರಲ್ಲಿ ನನ್ನ ಗೊಬ್ಬರದ ಮಣ್ಣೇ ಇರ್ಲಿ. ನಾನೂ ಬಂದು ನೋಡ್ತೀನಿ."

ಕಾಯಿಯೊಳಗಿನ ಬೀಜ ಮುನ್ನೂರಕ್ಕೂ ಹೆಚ್ಚಿತ್ತು, ಇಲಿಗೂ ಸಾಕಾಗುವಷ್ಟು. ಮಾರ್ಚ್ ಮುಗಿಯುವಾಗ ಒಂದು ರಿಂಗಿಗೆ ಹೊಳೆ ಮರಳು ತುಂಬಿ, ಎರಡರಲ್ಲೂ ಬೀಜ ಬಿತ್ತಿದರು. ಮರಳಿನ ರಿಂಗಿಗೆ ಸುಪ್ರಿಯಾ ಹೇಳಿದ ಸತ್ವವನ್ನು ನೀರಲ್ಲಿ ಕದಡಿ ಹಾಕಿದರು. ಏಪ್ರಿಲ್ ಮಧ್ಯದಲ್ಲಿ, ಒಂದು ಭಾನುವಾರ, ಕಾಳಮ್ಮ ಬಸ್ಸಿಳಿದು ಆಲ್ಕೊಳ ಸರ್ಕಲ್ಲಿನಿಂದ ನಡೆದುಕೊಂಡೇ ಬಂದಳು. ಲಿಂಗಮ್ಮ ಕೊಟ್ಟ ಮಜ್ಜಿಗೆಯನ್ನು ನಿಂತೇ ಕುಡಿದು ಹಿತ್ತಲಿಗೆ ಹೋದಳು.

ಹನ್ನೊಂದು ಗಂಟೆಯ ಬಿಸಿಲು. ಬೆಳಿಗ್ಗೆ ಎರಡಕ್ಕೂ ಒಂದೇ ಅಳತೆಯ ನೀರು ಹಾಕಿದ್ದರು. ಗೊಬ್ಬರದ ಮಣ್ಣಿನ ಸಸಿ ಎಲೆ ಅಗಲಿಸಿಕೊಂಡು ನಿಂತಿತ್ತು. ಮರಳಿನದೂ ಹಸಿರಾಗಿಯೇ ಇತ್ತು, ಆದರೆ ಎಲೆಗಳು ಜೋತುಬಿದ್ದಿದ್ದವು. ಕಾಳಮ್ಮ ಕುಕ್ಕರುಗಾಲಲ್ಲಿ ಕೂತು ಮರಳಿಗೆ ತೋರುಬೆರಳು ಇಳಿಸಿದಳು, ಆಮೇಲೆ ಪಕ್ಕದ ರಿಂಗಿಗೆ ಇಳಿಸಿದಳು. ಮತ್ತೆ ಮರಳಿಗೆ.

"ಅಣ್ಣ, ಇದು ನೀರನ್ನ ಇಟ್ಕೊಂಡಿಲ್ಲ. ಆಗಲೇ ಕಾದು ಕೂತಿದೆ. ನನ್ನದು ನೋಡಿ, ಎಮ್ಮೆ ಮೂತಿ ಇದ್ದಂಗೆ ತಣ್ಣಗಿದೆ. ಇಲ್ಲಿ ಬನ್ನಿ, ಬೆರಳು ಹಾಕಿ."

ಏಕಾಂತಪ್ಪ ಹಾಕಿದರು. ಲಿಂಗಮ್ಮನೂ ಬಳೆ ಮೇಲೆ ಸರಿಸಿ ಹಾಕಿದರು.

"ಇದೊಂದೇನಾ ಗೊಬ್ಬರದ ಕೆಲಸ, ಇನ್ನೂ ಇದೆಯಾ?" ಎಂದರು ಏಕಾಂತಪ್ಪ.

"ನನಗೆ ಸಿಕ್ಕಿದ್ದು ನಾನು ಹೇಳ್ದೆ. ಮುಂದಿಂದು ನೀವು ನೋಡಿ," ಎಂದು ಕಾಳಮ್ಮ ಕೂತಲ್ಲೇ ಸೀರೆಯ ನೆರಿಗೆ ಕೊಡವಿದಳು. ಕಾಂಪೌಂಡಿನ ಆಚೆಯಿಂದ ಸುಪ್ರಿಯಾ ಇಣುಕಿದಳು. ಈ ಸಲ ಯಾರೂ ಅವಳ ಬಾಯಿ ಕಟ್ಟಲಿಲ್ಲ. ಅವಳೇ ಗೇಟು ತೆರೆದುಕೊಂಡು ಬಂದು, ಮೂವರ ನಡುವೆ ಕೂತು, ಮಣ್ಣಿಗೆ ಬೆರಳು ಇಳಿಸಿದಳು.